ಉಸುಕಿನ ರಾಶಿಯಲ್ಲಿ ಐದನೆಯ ಕಲ್ಲು

ನೀರಿನಲ್ಲಿದ್ದಾಗ ಅದು ಕಣ್ಣಿಗೆ ಕಾಣುತ್ತಿರಲಿಲ್ಲ. ಒರೆಸಿ ಇಟ್ಟರೆ ಹೊಳೆಯುತ್ತಿತ್ತು, ನೀರಿಗೆ ಬಿದ್ದ ಕೂಡಲೇ ಇಲ್ಲವೇ ಇಲ್ಲ ಎನ್ನುವಂತಾಗುತ್ತಿತ್ತು. ನಮ್ಮ ಮನೆಯ ದೇವರ ಪೆಟ್ಟಿಗೆಯಲ್ಲಿ ಐದು ದೇವರೆಂದು ಇಟ್ಟಿದ್ದ ಐದು ಕಲ್ಲುಗಳಲ್ಲಿ ಐದನೆಯದು ಅದು, ಸೂರ್ಯ ಎಂದು ಪೂಜೆಗೊಳ್ಳುತ್ತಿದ್ದ ಸ್ಫಟಿಕ. ಹುಣಸೆ ಬೀಜಕ್ಕಿಂತ ದೊಡ್ಡದು, ಅಡಿಕೆಗಿಂತ ಸಣ್ಣದು. ಅದನ್ನು ಕಳೆದವಳು ನಾನು.

ಸವದತ್ತಿಯ ಆ ಮನೆಗೆ ನಾನು ಸೊಸೆಯಾಗಿ ಬಂದದ್ದು ತೊಂಬತ್ತರ ದಶಕದ ನಡುವೆ. ತವರು ಕಿತ್ತೂರಿನ ಹತ್ತಿರದ ಹಳ್ಳಿ. ಗಂಡನಿಗೆ ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ. ಕಬ್ಬು ಅರೆಯುವ ಹಂಗಾಮು ಶುರುವಾಯಿತೆಂದರೆ ಅಲ್ಲಿಯೇ ಕೋಣೆ ಮಾಡಿಕೊಂಡು ಇರುತ್ತಿದ್ದರು. ಮನೆಯಲ್ಲಿ ಅತ್ತೆ, ಮಾವ, ನಾನು. ಮಾವನವರು ನಿವೃತ್ತ ಶಾಲಾ ಮಾಸ್ತರರು. ಎಪ್ಪತ್ತು ದಾಟಿತ್ತು, ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಮೊಣಕಾಲು ಮಡಚಲು ಬರುತ್ತಿರಲಿಲ್ಲ, ಸಕ್ಕರೆ ಕಾಯಿಲೆಗೆ ಎರಡು ಹೊತ್ತು ಗುಳಿಗೆ. ಆದರೂ ಬೆಳಗಿನ ಪೂಜೆಯನ್ನು ಒಂದು ದಿನವೂ ಬಿಟ್ಟವರಲ್ಲ. ಪೂಜೆ, ನೈವೇದ್ಯ ಆಗದೆ ಆ ಮನೆಯಲ್ಲಿ ಅನ್ನದ ಅಗುಳು ಯಾರ ಬಾಯಿಗೂ ಹೋಗುತ್ತಿರಲಿಲ್ಲ.

ಪೂಜೆಯ ಕೊನೆಗೆ ಒಂದು ಎಣಿಕೆ ಇತ್ತು. ಅಭಿಷೇಕದ ನೀರಿನಿಂದ ದೇವರನ್ನು ಒಂದೊಂದಾಗಿ ತೆಗೆದು, ಒರೆಸಿ, ಪೆಟ್ಟಿಗೆಯಲ್ಲಿ ಇಡುತ್ತ ಮಾವನವರು "ಒಂದು, ಎರಡು, ಮೂರು, ನಾಕು" ಎಂದು ಅಲ್ಲಿಗೆ ನಿಲ್ಲಿಸುವರು. "ಐದು" ಎಂಬುದನ್ನು ಹೊಸ್ತಿಲ ಹೊರಗೆ ನಿಂತವರು ಹೇಳಬೇಕು. ಅದೂ ಕಣ್ಣಾರೆ ನೋಡಿ ಹೇಳಬೇಕು. ಆ ದನಿ ನಂಬಿಯೇ ಮಾವನವರು ಮುಚ್ಚಳ ಹಾಕುವರು. ಸ್ಫಟಿಕ ನೀರಿನಲ್ಲಿ ಕಾಣುವುದಿಲ್ಲವೆಂದು ಹಿಂದಿನ ಯಾವುದೋ ತಲೆಮಾರಿನವರು ಮಾಡಿಟ್ಟ ವ್ಯವಸ್ಥೆ ಅದು. ಮೊದಲು ಅತ್ತೆ ಹೇಳುತ್ತಿದ್ದರಂತೆ, ನಾನು ಬಂದ ಮೇಲೆ ಆ ಕೆಲಸ ನನಗೆ ಬಂತು. ದೇವರನ್ನು ಮುಟ್ಟುವ ಹಾಗಿಲ್ಲ, ಇಣುಕಿ ನೋಡಿ "ಐದು" ಎನ್ನಬೇಕು, ಆಮೇಲೆ ನಿನ್ನೆಯ ಹೂವು, ತುಳಸಿ, ನೀರು ಇರುವ ಹರಿವಾಣವನ್ನು ಒಯ್ದು ಹಿತ್ತಲಿನ ಕಣಗಿಲೆ ಗಿಡದ ಬುಡಕ್ಕೆ ಚೆಲ್ಲಬೇಕು. ಇಷ್ಟೇ.

ಆ ದಿನ ಹಿತ್ತಲಿಗೆ ಹೊಳೆಯ ಉಸುಕು ಬರುವುದಿತ್ತು. ಮಾವನವರ ಮೊಣಕಾಲಿಗೆ ಬಯಲಿಗೆ ಹೋಗುವುದು ಆಗದೆ, ಅತ್ತೆ ವರ್ಷವಿಡೀ ಜಗಳಾಡಿ, ಹಿತ್ತಲಲ್ಲಿ ಪಾಯಖಾನೆ ಕಟ್ಟಿಸಲು ಒಪ್ಪಿಸಿದ್ದರು. "ದೇವರ ಹೂವಿನ ಗಿಡದ ಮಗ್ಗಲಕ್ಕ ಪಾಯಖಾನಿ! ನಮ್ಮಪ್ಪ ಇದ್ದಿದ್ರ ನನ್ನ ಮನಿ ಬಿಟ್ಟು ಹಾಕ್ತಿದ್ದ" ಎಂದು ಮಾವನವರು ಗೊಣಗಿದ್ದರು. "ನಿಮ್ಮಪ್ಪಗ ಮೊಣಕಾಲು ನೆಟ್ಟಗಿದ್ದವು" ಎಂದು ಅತ್ತೆ ಬಾಯಿ ಮುಚ್ಚಿಸಿದ್ದರು. ಪಾಯ ತೋಡಿ ಆಗಿತ್ತು. ಮಾವನವರು "ನಾಕು" ಎನ್ನುವ ಹೊತ್ತಿಗೆ ಸರಿಯಾಗಿ ಟ್ರ್ಯಾಕ್ಟರಿನವನು ಹಿಂದಿನ ಬಾಗಿಲಲ್ಲಿ ಹಾರ್ನ್ ಬಾರಿಸತೊಡಗಿದ. ನಾನು ಅಗಳಿ ತೆಗೆಯಲು ಓಡುತ್ತ, ಅಡುಗೆಮನೆಯ ಮೂಲೆಯಿಂದಲೇ "ಐದು" ಎಂದು ಕೂಗಿದೆ.

ನೋಡಲಿಲ್ಲ. ಕೂಗಿದೆ, ಅಷ್ಟೇ.

ಹರಿವಾಣ ಹಿಡಿದು ಹಿತ್ತಲಿಗೆ ಬಂದರೆ ಗಿಡಕ್ಕೆ ಹೋಗುವ ದಾರಿಯ ಮೇಲೆಯೇ ಉಸುಕು ಸುರಿದುಬಿಟ್ಟಿದ್ದರು. ದಾಟಿ ಹೋಗುವ ಬದಲು ಇತ್ತಲಿಂದಲೇ ಬೀಸಿ ಚೆಲ್ಲಿದೆ. ಹೂವು ಅರ್ಧ ಗಿಡದ ಬುಡಕ್ಕೆ ಬಿದ್ದವು, ಅರ್ಧ ಉಸುಕಿನ ಮೇಲೆ.

ಮರುದಿನ ಬೆಳಗ್ಗೆ ಮಾವನವರು ಪೆಟ್ಟಿಗೆ ತೆರೆದರು. ಬೆರಳುಗಳು ಪೆಟ್ಟಿಗೆಯೊಳಗೆ ಸುತ್ತುತ್ತಿದ್ದವು.

"ನಾಕ ಅವ" ಎಂದರು.

"ಅರವಿ ಮಡಿಕ್ಯಾಗ ಸಿಕ್ಕಿರಬೇಕು, ಇನ್ನೊಮ್ಮೆ ನೋಡ್ರಿ" ಎಂದರು ಅತ್ತೆ.

"ನೋಡ್ಲಿಕ್ಕೆ ನನಗ ಕಣ್ಣ ಎಲ್ಲವ? ಬೆರಳಿಂದ ನೋಡೀನಿ. ನಾಕ ಅವ." ಹೊಸ್ತಿಲ ಕಡೆ ಮುಖ ತಿರುಗಿಸಿದರು. "ನಿನ್ನೆ ಐದು ಅಂದಾಕಿ ನೀನ ಅಲ್ಲನವಾ?"

"ಹೌದ್ರಿ ಮಾವಾರ."

"ನೋಡಿ ಅಂದಿ?"

ನಾನು ಸುಳ್ಳು ಹೇಳಬಹುದಾಗಿತ್ತು. ಬಾಯಿಗೆ ಬರಲಿಲ್ಲ. "ಇಲ್ರಿ" ಎಂದೆ.

ಬೈದಿದ್ದರೆ ಬದುಕುತ್ತಿದ್ದೆ. ಅವರು ಪೆಟ್ಟಿಗೆಯ ಮುಚ್ಚಳ ಹಾಕಿ, "ಅದು ಸಿಗೂತನಕಾ ಪೂಜಿ ಅರ್ಧ. ಅರ್ಧ ಪೂಜಿ ಮಾಡಿ ಉಣ್ಣೂ ಪದ್ಧತಿ ನಮ್ಮಲ್ಲಿಲ್ಲ" ಎಂದು, ಗೋಡೆ ಹಿಡಿದು ಎದ್ದು, ಪಡಸಾಲೆಯ ಚಾಪೆಯ ಮೇಲೆ ಹೋಗಿ ಮಲಗಿದರು. ಅವರು ಉಣ್ಣದಿದ್ದರೆ ಅತ್ತೆ ಉಣ್ಣುವುದಿಲ್ಲ. ಅತ್ತೆ ಉಣ್ಣದಿದ್ದರೆ ನಾನು ಯಾವ ಬಾಯಿಂದ ಉಣ್ಣಲಿ? ಒಲೆಯ ಮೇಲೆ ಆಗಲೇ ಬೆಂದಿದ್ದ ಅನ್ನವನ್ನು ಅತ್ತೆ ಎತ್ತಿಕೊಂಡು ಹೋಗಿ ದನದ ಮುಂದೆ ಸುರಿದು ಬಂದರು.

ನಾನು ಹಿತ್ತಲಿಗೆ ಓಡಿದೆ. ಗಿಡದ ಬುಡದ ಹೂವು ಕೆದರಿದೆ, ಮಣ್ಣು ಕೆದರಿದೆ. ಆಮೇಲೆ ಉಸುಕಿನ ಮುಂದೆ ಕುಳಿತೆ. ಒಂದು ಟ್ರ್ಯಾಕ್ಟರ್ ಉಸುಕು. ಮಲಪ್ರಭೆಯ ದಂಡೆಯಲ್ಲಿ ಯಾರೂ ಸೋಸದೆ ತುಂಬಿ ಕಳಿಸಿದ್ದು. ಅಂಗೈ ತುಂಬ ತೆಗೆದರೆ ಹತ್ತು ಹರಳು, ಹತ್ತರಲ್ಲಿ ನಾಲ್ಕು ಬಿಳಿ. ಬಿಸಿಲಿಗೆ ಎಲ್ಲವೂ ಹೊಳೆಯುತ್ತಿದ್ದವು.

ಪಾಯಖಾನೆ ಕಟ್ಟುತ್ತಿದ್ದ ಗೌಂಡಿ ಕಟಕೋಳದ ಕಡೆಯವನು. ಐವತ್ತು ದಾಟಿದ್ದ, ಒಣಗಿದ ಆಳು, ಬಾಯಿ ತುಂಬ ಮಾತು. ಕೆಲಸಕ್ಕೆ ಬಂದವನು ನನ್ನನ್ನು ನೋಡಿ ನಕ್ಕ.

"ಏನ ಹುಡಕಾಕ ಹತ್ತೀರಿ ಅಕ್ಕಾರ? ಕಿವ್ಯಾಗಿನ ಬೆಂಡೋಲಿ ಬಿತ್ತೇನ್ರಿ?"

"ದೇವರು ಬಿದ್ದದ ಕಾಕಾ" ಎಂದು ಅತ್ತುಬಿಟ್ಟೆ. ನಡೆದದ್ದನ್ನೆಲ್ಲ ಹೇಳಿದೆ.

ಅವನ ನಗು ನಿಂತಿತು. ಉಸುಕಿನ ರಾಶಿಯನ್ನು ನೋಡಿದ, ನಿನ್ನೆ ಮಧ್ಯಾಹ್ನ ತಾನೇ ಕಾಂಕ್ರೀಟು ಹಾಕಿದ ಪಾಯಖಾನೆಯ ನೆಲವನ್ನು ನೋಡಿದ, ಮತ್ತೆ ರಾಶಿಯನ್ನು ನೋಡಿದ. ಏನೋ ಹೇಳಲು ಬಾಯಿ ತೆರೆದು ಮುಚ್ಚಿದ. ಅದು ನನ್ನ ಗಮನಕ್ಕೆ ಬಂದಿತ್ತು. ನಾನೂ ಅದೇ ನೆಲವನ್ನು ನೋಡಿ, ಅದೇ ಮಾತನ್ನು ನುಂಗಿದೆ. ದೇವರು ಪಾಯಖಾನೆಯ ನೆಲದೊಳಗೆ ಎಂಬ ಮಾತನ್ನು ಯಾರು ಮೊದಲು ಆಡಬೇಕು?

"ಮದ್ಲ ಈ ರಾಶಿ ಸೋಸೂಣು" ಎಂದ.

ತಂತಿ ಜಾಳಿಗೆಯ ಸಾಣಿಗೆಯನ್ನು ಓರೆಯಾಗಿ ನಿಲ್ಲಿಸಿ ಅವನು ಸಲಿಕೆಯಿಂದ ಉಸುಕು ಎಸೆಯುವುದು, ಕೆಳಗೆ ಉರುಳಿ ಬಂದ ಹರಳನ್ನು ನಾನು ಮೊರದಲ್ಲಿ ತುಂಬಿ ಹಳೆಯ ಸೀರೆಯ ಮೇಲೆ ಹರವಿ ಆರಿಸುವುದು. ಜೀವಮಾನವಿಡೀ ಅಕ್ಕಿಯೊಳಗಿನ ಕಲ್ಲು ಆರಿಸಿ ಎಸೆದ ಕೈ ಇದು. ಈಗ ಕಲ್ಲೊಳಗಿನ ಕಲ್ಲು ಆರಿಸಬೇಕಾಗಿತ್ತು. ಕಿತ್ತೂರಿನಲ್ಲಿ ನಮ್ಮ ಅಜ್ಜಿ ಕಟ್ಟೆಯ ಮೇಲೆ ಕೂರಿಸಿಕೊಂಡು ಐದು ಹರಳಿನ ಆಟ ಆಡಿಸುತ್ತಿದ್ದಳು. ಬಿಳಿಯದನ್ನೆಲ್ಲ ಅವಳು ಬೆಣಚಿ ಎಂದೇ ಕರೆಯುತ್ತಿದ್ದಳು. ನನಗೆ ಗೊತ್ತಿದ್ದದ್ದೂ ಅಷ್ಟೇ. ಬಿಳಿ ಕಂಡದ್ದನ್ನೆಲ್ಲ ಒಂದು ಕಡೆ ಗುಡ್ಡೆ ಹಾಕುತ್ತಿದ್ದೆ. ಗೌಂಡಿ ಸಲಿಕೆ ನಿಲ್ಲಿಸಿ ನೋಡಿದ.

"ಅಕ್ಕಾರ, ಬೆಳ್ಳಗಿದ್ದದ್ದೆಲ್ಲಾ ಬೆಣಚಲ್ಲರಿ. ನಿಮ್ಮ ಸ್ಫಟಿಕ ಅಂದ್ರ ತಿಳಿ ಬೆಣಚು. ಹಿಂಗ ಆರಿಸಿದ್ರ ಮುಂದಿನ ಶ್ರಾವಣ ಬರತೈತಿ."

ಚೀಲದಿಂದ ಒಂದು ಮೊಳೆ ತೆಗೆದ. ಒಂದು ಬಿಳಿ ಹರಳಿಗೆ ಗೀರಿದ. ಹಿಟ್ಟಿನಂಥ ಗೆರೆ ಬಿತ್ತು. "ಇದು ಸುಣ್ಣದ ಕಲ್ಲು. ರಾಮದುರ್ಗದ ಕಡೆ ಬೇಕಾದಷ್ಟ ಐತಿ. ಒಗೀರಿ." ಇನ್ನೊಂದಕ್ಕೆ ಗೀರಿದ. ಅದರ ಮೇಲೆಯೂ ಗೆರೆ ಕಂಡಿತು, ಆದರೆ ಬೂದು ಬಣ್ಣದ್ದು. ಬೆರಳಿಂದ ಉಜ್ಜಿದರೆ ಅಳಿಸಿಹೋಯಿತು. "ಇದು ಕಲ್ಲ ಸವದದ್ದಲ್ಲರಿ, ಮೊಳಿ ಸವದದ್ದು. ಇದು ಬೆಣಚು. ಕಬ್ಬಿಣಕ್ಕ ಬಗ್ಗಂಗಿಲ್ಲ." ಒಡೆದ ಬಾಟಲಿಯ ಚೂರೊಂದನ್ನು ಹುಡುಕಿ ತಂದು ಅದರ ಮೇಲೆ ಬೆಣಚನ್ನು ಒತ್ತಿ ಎಳೆದ. ಕಿರ್ರೆಂದು ಗಾಜಿಗೆ ಗೀರು ಬಿತ್ತು. ಅನುಮಾನ ಬಂದದ್ದಕ್ಕೆ ನೆಲ ತೊಳೆಯುವ ಆಸಿಡ್ಡಿನ ಬಾಟಲಿಯಿಂದ ಒಂದು ಹನಿ ಹಾಕಬೇಕು. ಬುರುಬುರು ನೊರೆ ಬಂದರೆ ಸುಣ್ಣ, ಬರದಿದ್ದರೆ ಬೆಣಚು.

ಒಂದು ಮಧ್ಯಾಹ್ನದಲ್ಲಿ ನಾನು ಬಹಳ ಕಲಿತೆ. ಹಳದಿ, ಕಂದು ಬಣ್ಣದವೆಲ್ಲ ಬೇರೆ ಕಲ್ಲಲ್ಲ, ಬೆಣಚಿಗೆ ತುಕ್ಕಿನ ಬಣ್ಣ ಹತ್ತಿದ್ದು. ಮಜ್ಜಿಗೆಯಂತೆ ಬೆಳ್ಳಗಿರುವುದೂ ಬೆಣಚೇ, ನೀರಿನಂತೆ ತಿಳಿಯಾಗಿರುವುದೂ ಬೆಣಚೇ. ಬೆಳ್ಳಗಿರುವವುಗಳ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ನೀರಗುಳ್ಳೆಗಳು ಸಿಕ್ಕಿಕೊಂಡಿರುವುದರಿಂದ ಹಾಗೆ ಕಾಣುತ್ತವೆ ಎಂದು ಎಷ್ಟೋ ವರ್ಷಗಳ ಮೇಲೆ ವಿಜ್ಞಾನದ ಶಿಕ್ಷಕರೊಬ್ಬರು ಹೇಳಿದರು. ದೇವರ ಪೆಟ್ಟಿಗೆಯಲ್ಲಿದ್ದ ಕೆಂಪು ಗಣಪತಿಯ ಕಲ್ಲೂ ಇದೇ ಕುಲದ್ದಂತೆ. ಆ ರಾಶಿಯಲ್ಲಿ ಅಂಥ ಕೆಂಪು ಹರಳು ಬೊಗಸೆ ತುಂಬ ಇದ್ದವು. ಕಳೆದದ್ದು ಗಣಪತಿಯಾಗಿದ್ದರೆ ಆ ಕೆಂಪುಗಳಲ್ಲಿ ಯಾವುದು ನಮ್ಮದೆಂದು ಹೇಗೆ ಹೇಳುತ್ತಿದ್ದೆನೋ ಎಂಬ ಹುಚ್ಚು ಯೋಚನೆಯೂ ಬಂತು.

ಸಂಜೆಗೆ ಓಣಿಯ ಡಾಕ್ಟರು ಬಂದು ಮಾವನವರ ನಾಡಿ ಹಿಡಿದು ನೋಡಿದರು. ಹೊರಗೆ ಬಂದು ಚಪ್ಪಲಿ ಮೆಟ್ಟುತ್ತ ಅತ್ತೆಗೆ ಹೇಳಿದರು: "ಊಟ ಇಲ್ಲದ ಆ ಗುಳಿಗಿ ಕೊಡಬ್ಯಾಡ್ರಿ, ಅಪಾಯ. ಗುಳಿಗಿ ಬಿಟ್ರೂ ಅಪಾಯ. ಈ ವಯಸ್ಸಿಗೆ ಹಿಂಗ ಹೆಚ್ಚ ದಿನ ನಡಿಯೂದಿಲ್ಲರಿ. ಹೆಂಗರೆ ಮಾಡಿ ಉಣಸ್ರಿ."

ಅತ್ತೆ ಸೀದಾ ಹಿತ್ತಲಿಗೆ ಬಂದರು. ನಾನು ಸೀರೆಯ ಮೇಲೆ ಬಗ್ಗಿ ಕುಳಿತಿದ್ದೆ.

"ಕೇಳಿಸ್ತಿಲ್ಲೊ? ನೀ ಕಲ್ಲು ಕಳದಿಲ್ಲ. ನನ್ನ ಕುಂಕುಮ ಕಳೀಲಿಕ್ಕೆ ಹೊಂಟೀದಿ."

ನಾನು ತಲೆ ಎತ್ತಲಿಲ್ಲ. ಅವರು ಹೋಗಲೂ ಇಲ್ಲ. ಸ್ವಲ್ಪ ಹೊತ್ತು ನಿಂತು, ಸೆರಗು ಸಿಕ್ಕಿಸಿ, ನನ್ನ ಎದುರಿಗೆ ಕುಳಿತು ಒಂದು ಹಿಡಿ ಹರಳು ಎಳೆದುಕೊಂಡರು. "ಹೆಂಗ ನೋಡಬೇಕು ತೋರ್ಸು" ಎಂದರು. ಇಬ್ಬರೂ ಕಣ್ಣು ಕಾಣುವವರೆಗೆ ಆರಿಸಿದೆವು.

ಎರಡನೆಯ ದಿನವೂ ಹರಳು ಆರಿಸುತ್ತ ಕುಳಿತೆ. ಮಾವನವರು ಬೆಳಗ್ಗೆ ಎದ್ದು ಕೂರಲು ಹೋಗಿ ಹಾಗೇ ವಾಲಿದ್ದರು. ಒಂದು ಲೋಟ ನೀರು ಕುಡಿದದ್ದು ಬಿಟ್ಟರೆ ಏನೂ ಇಲ್ಲ. ತುಟಿ ಬಿಳಿಚಿತ್ತು. ಸ್ಫಟಿಕದ ಗುರುತು ಏನೆಂದು ಕೇಳಿದರೆ, ಕಣ್ಣು ಮುಚ್ಚಿಯೇ ಹೆಬ್ಬೆರಳು ಆಡಿಸುತ್ತ ಹೇಳಿದರು. "ಒಂದು ಮಗ್ಗಲಿಗೆ ಸಣ್ಣ ಮುಕ್ಕ ಅದ, ಉಗರ ಕೂಡೂ ಅಷ್ಟು. ಉಳಿದದ್ದೆಲ್ಲಾ ನುಣುಪು. ಎಣ್ಣಿ ಹಚ್ಚಿಧಂಗ."

ಮಧ್ಯಾಹ್ನದ ಹೊತ್ತಿಗೆ ಗೌಂಡಿ ಬುತ್ತಿ ಬಿಚ್ಚಿದವನು ನನ್ನ ಕಡೆ ನೋಡಿದ.

"ಅಕ್ಕಾರ, ಕೈ ನಡಗಾಕ ಹತ್ಯಾವು. ನಡಗೂ ಕೈಗೆ ಕಲ್ಲ ಸಿಗಂಗಿಲ್ಲ. ಅರ್ಧ ರೊಟ್ಟಿ ತಿನ್ನರಿ. ನಾ ಆ ಕಡೆ ಮಾರಿ ಮಾಡಿ ಕುಂದರತೇನಿ, ನಾ ನೋಡಿಲ್ಲ ನೀವು ತಿಂದಿಲ್ಲ."

ಉಸುಕಿನ ರಾಶಿಯ ಹಿಂದೆ ಕುಳಿತು ಜೋಳದ ರೊಟ್ಟಿ, ಶೇಂಗಾ ಹಿಂಡಿ ತಿಂದೆ. ಒಳಗೆ ಇಬ್ಬರು ಮುದುಕರು ಉಪವಾಸ ಇದ್ದರು. ಆ ರೊಟ್ಟಿಯಷ್ಟು ರುಚಿಯಾದದ್ದನ್ನು ನಾನು ಅದಕ್ಕೂ ಮೊದಲು ತಿಂದಿರಲಿಲ್ಲ, ಆ ರುಚಿಗೆ ನಾಚಿಕೊಂಡಷ್ಟು ಬೇರೆ ಯಾವುದಕ್ಕೂ ನಾಚಿಕೊಂಡಿಲ್ಲ. ಅತ್ತೆ ಬದುಕಿರುವವರೆಗೂ ಇದನ್ನು ಹೇಳಲಿಲ್ಲ.

ಅದೇ ದಿನ ಇನ್ನೊಂದು ಕೆಲಸ ಮಾಡಿದೆ. ರಾಶಿಯಲ್ಲಿ ಒಂದು ತಿಳಿ ಹರಳು ಸಿಕ್ಕಿತ್ತು. ಗಾತ್ರ ಸರಿಯಾಗಿಯೇ ಇತ್ತು. ಮುಕ್ಕು ಇರಲಿಲ್ಲ. ಗೌಂಡಿ ನೀರು ಕುಡಿಯಲು ಹೋದಾಗ ಅವನ ಉಳಿ, ಸುತ್ತಿಗೆ ತೆಗೆದುಕೊಂಡು ಮುಕ್ಕು ಮಾಡಲು ಹೋದೆ. ಒಂದೇ ಏಟಿಗೆ ಹರಳು ಎರಡಾಯಿತು. ಸುಣ್ಣದ ಕಲ್ಲು ಪದರಾಗಿ ಬಿಡುತ್ತದೆ, ಇದು ಹಾಗಲ್ಲ. ಒಡೆದ ಜಾಗ ಸಿಂಪಿಯ ಒಳಮೈಯಂತೆ ಡೊಂಕಾಗಿ, ಅಲೆ ಅಲೆಯಾಗಿ ಹೊಳೆಯುತ್ತಿತ್ತು. ಅಂಚು ಬ್ಲೇಡಿನಂತಿತ್ತು, ಬೆರಳು ಕುಯ್ದಿತು. ಬಾಯಲ್ಲಿ ಬೆರಳಿಟ್ಟುಕೊಂಡು ಕುಳಿತೆ. ಗೌಂಡಿ ಬಂದು ಉಳಿಯನ್ನೂ ನೋಡಿದ, ಎರಡು ಚೂರನ್ನೂ ನೋಡಿದ.

"ಮಾಸ್ತರು ಎಷ್ಟು ವರ್ಷ ಸಾಲಿ ಕಲಿಸ್ಯಾರ್ರಿ?" ಎಂದು ಕೇಳಿದ.

"ಮೂವತ್ತರ ಮ್ಯಾಲೆ."

"ಹುಡುಗೂರು ಕಾಪಿ ಹೊಡದದ್ದು ಹಿಡಿಯಾಕ ಅವರಿಗೆ ಕಣ್ಣ ಬೇಕಾಗಿಲ್ಲ ಬಿಡ್ರಿ" ಎಂದು ಚೂರುಗಳನ್ನು ಕಾಲಿಂದ ಸರಿಸಿದ.

ಸಂಜೆ ನನ್ನ ಗಂಡ ಬಂದರು. ಪಕ್ಕದ ಮನೆಯವರು ಎಸ್‌ಟಿಡಿ ಬೂತಿನಿಂದ ಕಾರ್ಖಾನೆಗೆ ಫೋನು ಮಾಡಿದ್ದರು. ದಾರಿಯಲ್ಲಿ ಬೈಲಹೊಂಗಲದಲ್ಲಿ ಇಳಿದು, ಪೂಜೆ ಸಾಮಾನಿನ ಅಂಗಡಿಯಲ್ಲಿ ಹೊಸ ಸ್ಫಟಿಕವನ್ನೇ ತಂದಿದ್ದರು. ಕೆಂಪು ಮಕಮಲ್ಲಿನ ಡಬ್ಬಿ, ಒಳಗೆ ಕಣ್ಣು ಕುಕ್ಕುವ ಹೊಳಪು. "ಅಸಲಿ ಅಂತ ಹೇಳ್ಯಾನ" ಎಂದು ಅಪ್ಪನ ಅಂಗೈಯಲ್ಲಿಟ್ಟರು.

ಮಾವನವರು ಅದನ್ನು ಬೆರಳಲ್ಲಿ ತಿರುಗಿಸಿ, ಮುಚ್ಚಿದ ಕಣ್ಣರೆಪ್ಪೆಗೆ ಒತ್ತಿಕೊಂಡರು. ಐದಾರು ಉಸಿರು ಹಾಗೇ ಹಿಡಿದರು.

"ಗಾಜು" ಎಂದರು. "ಆಗಲೇ ಬೆಚ್ಚಗಾತು. ಅದು ಇಷ್ಟು ಲಗೂನ ಬೆಚ್ಚಗಾಗೂದಿಲ್ಲ."

ನನ್ನ ಗಂಡ ಒಪ್ಪಲಿಲ್ಲ. ಕಂದೀಲಿಗೆ ಹಿಡಿದು ನೋಡಿದೆ. ಒಳಗೆ ಸಾಸಿವೆಯಷ್ಟು ದುಂಡನೆಯ ಗುಳ್ಳೆ. ಹಿತ್ತಲಿನಿಂದ ಒಂದು ಬೆಣಚು ತಂದು ಗೀರಿದೆ, ಗೀರು ಬಿತ್ತು. ಅವರು ಡಬ್ಬಿ ಮುಚ್ಚಿ ಜೇಬಿಗೆ ಹಾಕಿಕೊಂಡು, "ಅಪ್ಪಾ, ಒಂದು ಕಲ್ಲಿನ ಸಂಬಂಧ ಜೀವ ಕೊಡತೀಯೇನು?" ಎಂದರು.

"ಕಲ್ಲಿನ ಸಂಬಂಧ ಅಲ್ಲೋ. ಐದು ಅಂದ ಮ್ಯಾಲೆ ಐದು ಇರಬೇಕು" ಎಂದರು ಮಾವನವರು. ಅದು ನನಗೆ ಹೇಳಿದ್ದು ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಆ ಹೊತ್ತು ನನಗೆ ಅನ್ನಿಸಿದ್ದನ್ನು ಇಲ್ಲಿ ಬರೆಯಲೇಬೇಕು. ಮಾವನವರು ಹೋದರೆ ನಾನು ಈ ಮನೆಯಲ್ಲಿ ಇರಲಾರೆ. ಕಿತ್ತೂರಿಗೂ ಹೋಗಲಾರೆ. ಮಾವನನ್ನು ಕೊಂದವಳು ಎಂದು ಅಲ್ಲಿ ಯಾರೂ ಅನ್ನುವುದಿಲ್ಲ, ಆದರೆ ನಮ್ಮಮ್ಮ ನನ್ನ ತಟ್ಟೆಗೆ ಬಡಿಸುವಾಗ ಅದನ್ನೇ ಯೋಚಿಸುತ್ತಿರುತ್ತಾಳೆ. ಬೇರೆ ಊರು ನನಗೆ ಗೊತ್ತಿರಲಿಲ್ಲ.

ಮೂರನೆಯ ದಿನ ಬೆಳಗ್ಗೆ ರಾಶಿ ಮುಗಿಯಿತು. ಕೊನೆಯ ಸಲಿಕೆಯೂ ಸಾಣಿಗೆ ದಾಟಿತು. ಒಂದು ಕಡೆ ನುಣ್ಣನೆಯ ಉಸುಕು, ಇನ್ನೊಂದು ಕಡೆ ಹರಳಿನ ಗುಡ್ಡೆ. ಅತ್ತೆ ಒಳಗೆ ಮಾವನವರ ತುಟಿಗೆ ಒದ್ದೆ ಬಟ್ಟೆ ಹಿಡಿದು ಕುಳಿತಿದ್ದರು. ಮಾವನವರು ಮಾತಾಡುವುದನ್ನು ನಿಲ್ಲಿಸಿದ್ದರು. ನನ್ನ ಗಂಡ ಆಸ್ಪತ್ರೆಗೆ ಒಯ್ಯಲು ಗಾಡಿ ನೋಡಲು ಹೋಗಿದ್ದರು.

ಗೌಂಡಿ ಸಲಿಕೆ ನೆಟ್ಟು ನಿಂತ.

"ಅಕ್ಕಾರ, ಎರಡು ದಿನದಿಂದ ಹೇಳಬೇಕು ಹೇಳಬೇಕು ಅನ್ಕೊಂತ ಹೇಳಿಲ್ಲ. ಅವತ್ತ ಮಧ್ಯಾಹ್ನ ಕಾಂಕ್ರೀಟಿಗೆ ಉಸುಕು ತಗೊಂಡದ್ದು ಗಿಡದ ಕಡಿ ಮಗ್ಗಲಿಂದನ. ಬುಟ್ಟ್ಯಾಗ ಹೂವು ಬಂದಿದ್ದು ನೋಡೇನಿ. ಹೂವು ಆರಿಸಿ ಒಗದು ಉಳಿದದ್ದು ಕಲಸೇನ್ರಿ. ನೆಲದ ಕಾಂಕ್ರೀಟಿಗೆ ಸೋಸಂಗಿಲ್ಲ ನಾವು."

"ನನಗೂ ಗೊತ್ತಿತ್ತು ಕಾಕಾ" ಎಂದೆ.

"ಮತ್ತ್ಯಾಕ ಸುಮ್ಕಿದ್ರಿ?"

"ನೀವ್ಯಾಕ ಸುಮ್ಕಿದ್ರಿ?"

ಅವನು ಹಾರೆ ಎತ್ತಿಕೊಂಡ. ತಾನೇ ಹಾಕಿ, ತಾನೇ ನಯ ಮಾಡಿ, ಎರಡು ದಿನ ನೀರು ಹೊಡೆದ ನೆಲವನ್ನು ತಾನೇ ಒಡೆಯತೊಡಗಿದ. ಇನ್ನೂ ಹಸಿಯಿದ್ದುದರಿಂದ ಹೆಂಟೆ ಹೆಂಟೆಯಾಗಿ ಎದ್ದಿತು. ಹೆಂಟೆಗಳನ್ನು ನಾನು ಸುತ್ತಿಗೆಯಿಂದ ಮೆಲ್ಲಗೆ ಬಡಿದು ಪುಡಿ ಮಾಡುತ್ತ, ಪ್ರತಿ ಹರಳನ್ನೂ ಬಕೆಟ್ಟಿನಲ್ಲಿ ಅದ್ದಿ ಉಜ್ಜುತ್ತ ಹೋದೆ. ಸಿಮೆಂಟು ಕುಯ್ದ ಬೆರಳಿಗೆ ಹತ್ತಿ ಉರಿಯುತ್ತಿತ್ತು. ಜಲ್ಲಿಯ ಖಡಿ, ಖಡಿ, ಸುಣ್ಣದ ಕಲ್ಲು, ಮಜ್ಜಿಗೆ ಬೆಣಚು, ಕೆಂಪು, ಖಡಿ.

ಬಿಸಿಲು ಏರಿದಾಗ ಒಂದು ಹರಳು ನೀರಿಗೆ ಬಿದ್ದ ಕೂಡಲೇ ಕಾಣದಾಯಿತು.

ಕೈಯಾಡಿಸಿ ಹಿಡಿದು ಮೇಲೆತ್ತಿದೆ. ತಿಳಿ. ಅದೇ ಗಾತ್ರ. ಗೌಂಡಿ ನನ್ನ ಮುಖ ನೋಡಿ ಹಾರೆ ಬಿಟ್ಟು ಓಡಿ ಬಂದ. "ಸಿಕ್ತ! ಅಕ್ಕಾರ, ಸಿಕ್ತ! ಮಾಸ್ತರ್ರ, ನಿಮ್ಮ ದೇವರು ಸಿಕ್ತರಿ!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದ. ಅತ್ತೆ ಬಾಗಿಲಿಗೆ ಬಂದು ಕೈಮುಗಿದು ಅಲ್ಲೇ ಕುಸಿದು ಕುಳಿತರು.

ನಾನು ಅದನ್ನು ಸೆರಗಿನಿಂದ ಒರೆಸಿದೆ. ಒಣಗಿದಂತೆ ಅದು ಮಂಕಾಗುತ್ತ ಬಂತು. ಮೈಮೇಲೆಲ್ಲ ಉಗುರು ಚುಚ್ಚಿದಂಥ ಸಣ್ಣ ಸಣ್ಣ ಅರ್ಧಚಂದ್ರದ ಗುರುತುಗಳು. ಮೂರು ದಿನ ಬೆಣಚು ನೋಡಿದವಳಿಗೆ ಅದೇನೆಂದು ಯಾರೂ ಹೇಳಬೇಕಾಗಿರಲಿಲ್ಲ. ಹೊಳೆಯಲ್ಲಿ ಕಲ್ಲಿಗೆ ಕಲ್ಲು ಬಡಿದು ಬಡಿದು ಮೂಡುವ ಚರ್ಮ ಅದು. ನೀರಿನಲ್ಲಿ ಆ ಗುರುತು ತುಂಬಿ ತಿಳಿಯಾಗಿ ಕಾಣುತ್ತದೆ, ಒಣಗಿದರೆ ಗಂಜಿ ಹಾಕಿದ ಬಟ್ಟೆಯಂತೆ. ಮುಕ್ಕು ಇರಲಿಲ್ಲ. ನುಣುಪು ಇರಲಿಲ್ಲ. ಇದು ಸೂರ್ಯನಲ್ಲ. ಇದು ಮಲಪ್ರಭೆಯ ಯಾವುದೋ ಒಂದು ಹರಳು.

ನೆಲ ಪೂರ್ತಿ ಒಡೆದು ಆಗಿತ್ತು. ಹುಡುಕಲು ಇನ್ನೇನೂ ಉಳಿದಿರಲಿಲ್ಲ. ಹೊಸ್ತಿಲಲ್ಲಿ ಅತ್ತೆ ಅಳುತ್ತ ನಗುತ್ತಿದ್ದರು. ಗೌಂಡಿ ಮೈಯೆಲ್ಲ ಸಿಮೆಂಟು ಹಚ್ಚಿಕೊಂಡು ನಿಂತಿದ್ದ. ಇವರಿಗೆ ಅಲ್ಲ ಎಂದು ಹೇಗೆ ಹೇಳಲಿ? ಹೌದು ಎಂದು ಅಲ್ಲಿ ಮಲಗಿರುವವರಿಗೆ ಹೇಗೆ ಹೇಳಲಿ?

ಹರಳು ತಂದು ಮಾವನವರ ಅಂಗೈಯಲ್ಲಿ ಇಟ್ಟೆ. ಅವರ ಹೆಬ್ಬೆರಳು ಅದರ ಮೇಲೆ ಒಂದು ಸಲ ಹೋಯಿತು, ಅಷ್ಟೇ. ನಿಂತಿತು.

"ನೀ ಹೋಗಿ ಹೂವು ತಾ" ಎಂದು ಅತ್ತೆಯನ್ನು ಕಳಿಸಿದರು. ದನಿ ಒಣಗಿದ ಎಲೆಯಂತಿತ್ತು. ಅತ್ತೆ ಹೋದ ಮೇಲೆ ಕೇಳಿದರು.

"ಎಲ್ಲಿ ಸಿಕ್ತವಾ?"

"ಪಾಯಖಾನಿ ನೆಲದಾಗ್ರಿ. ಗೌಂಡಿ ಕಾಕಾ ಒಡದ್ರು."

"ಯಾರರೆ ಹೋಗ್ಯಾರೇನು ಅದ್ರಾಗ ಇನ್ನೂ?"

"ಇಲ್ರಿ ಮಾವಾರ."

"ಹಂಗಾರ ಅದು ಇನ್ನೂ ಬರೇ ನೆಲ." ಹರಳನ್ನು ನನ್ನ ಕಡೆ ಹಿಡಿದರು. "ಇದು ಏನು?"

"ಬೆಣಚುರಿ."

"ಗಾಜಲ್ಲ?"

"ಅಲ್ರಿ. ಮೈ ನೋಡ್ರಿ, ಹೊಳಿ ಚರ್ಮ ಅದ."

"ಸುಣ್ಣದ ಕಲ್ಲಲ್ಲ?"

"ಅಲ್ರಿ. ಸುಣ್ಣದ ಕಲ್ಲಿಗೆ ಹೊಳ್ಯಾಗ ಇಂಥಾ ಗುರುತು ಉಳಿಯೂದಿಲ್ಲ, ಮೆತ್ತಗ ಸವದು ಹೋಗ್ತದ."

"ನಮ್ಮದು?"

ಪರೀಕ್ಷೆಯ ಕೊನೆಯ ಪ್ರಶ್ನೆ ಅದು. ಒಂದು ಸುಳ್ಳಿನಿಂದ ಅವರು ಉಣ್ಣುತ್ತಾರೆ ಎಂದು ಗೊತ್ತಿದ್ದರೂ, ಆ ಬೆರಳಿಗೆ ಸುಳ್ಳು ಹೇಳಿ 'ನೋಡಿ ಅಂದಿ?' ಎಂದು ಇನ್ನೊಮ್ಮೆ ಕೇಳಿಸಿಕೊಳ್ಳುವ ಧೈರ್ಯ ನನಗಿರಲಿಲ್ಲ.

"ನಮ್ಮದಲ್ರಿ" ಎಂದೆ. ಅಳು ಬಂತು. "ಉಸುಕು ಮುಗೀತ್ರಿ ಮಾವಾರ. ನೆಲಾನೂ ಮುಗೀತು. ನನ್ನ ಹತ್ರ ಇನ್ನ ಏನೂ ಉಳದಿಲ್ಲ. ಉಣ್ರಿ. ನನ್ನ ಸಂಬಂಧ ಉಣ್ರಿ."

ಅವರು ಹರಳನ್ನು ಕಣ್ಣರೆಪ್ಪೆಗೆ ಒತ್ತಿಕೊಂಡರು. ನಿನ್ನೆ ಗಾಜನ್ನು ಹಿಡಿದದ್ದಕ್ಕಿಂತ ಹೆಚ್ಚು ಹೊತ್ತು ಹಿಡಿದರು. ಆಮೇಲೆ ಕೈ ಚಾಚಿದರು, ಎಬ್ಬಿಸಲು. ನಾನು, ಗೌಂಡಿ ಇಬ್ಬರೂ ಸೇರಿ ಅವರನ್ನು ದೇವರ ಕೋಣೆಯ ಹೊಸ್ತಿಲವರೆಗೆ ಹೊತ್ತಂತೆಯೇ ಒಯ್ದೆವು. ಒಳಗೆ ಅವರೇ ತೆವಳಿ ಹೋದರು. ಗೌಂಡಿ ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತ. ಮಾವನವರು ಮಂತ್ರ ಪೂರ್ತಿ ಹೇಳಲಾರದೆ ನಡುನಡುವೆ ಉಸಿರು ತೆಗೆದುಕೊಳ್ಳುತ್ತಿದ್ದರು. ನೀರು ಹಾಕಿದರು. ಹೊಸ ಹರಳು ಕಾಣದಾಯಿತು.

ಒರೆಸಿ ಒಂದೊಂದಾಗಿ ಪೆಟ್ಟಿಗೆಗೆ ಇಟ್ಟರು. "ಒಂದು. ಎರಡು. ಮೂರು. ನಾಕು."

ಅಲ್ಲಿಗೆ ನಿಲ್ಲಿಸಿದರು.

ಅತ್ತೆ ಹೂವಿನ ಬುಟ್ಟಿ ಹಿಡಿದು ನನ್ನ ಬೆನ್ನಹಿಂದೆ ನಿಂತಿದ್ದರು. ಅವರಿಗೆ ಏನೂ ಗೊತ್ತಿರಲಿಲ್ಲ. ನಾನು ಹೊಸ್ತಿಲ ಮೇಲೆ ಬಗ್ಗಿ ಪೆಟ್ಟಿಗೆಯೊಳಗೆ ನೋಡಿದೆ. ಕರಿಯದು, ಬೂದಿ ಬಣ್ಣದ್ದು, ಕೆಂಪು, ಚುಕ್ಕಿ ಹೊಳೆಯುವುದು, ಮತ್ತು ಪಕ್ಕದಲ್ಲಿ, ಇನ್ನೂ ಅರ್ಧ ಒದ್ದೆಯಾಗಿ, ಒಂದು ಮಗ್ಗಲು ತಿಳಿ, ಒಂದು ಮಗ್ಗಲು ಮಂಕು.

ಮಾವನವರು ಕಾಯುತ್ತಿದ್ದರು. ಬೇರೆ ಯಾರೂ ಅದನ್ನು ಹೇಳುವಂತಿರಲಿಲ್ಲ.

"ಐದು" ಎಂದೆ.

"ನೋಡಿ ಅಂದಿ?"

"ನೋಡೇ ಅಂದೀನ್ರಿ."

ಅವತ್ತು ಅವರು ಮೂರು ತುತ್ತು ಗಂಜಿ ಉಂಡರು, ನಾಲ್ಕನೆಯದು ಹಿಡಿಸಲಿಲ್ಲ. ಆಸ್ಪತ್ರೆಯಲ್ಲಿ ಒಂದು ವಾರ ಇಟ್ಟುಕೊಂಡರು. ಮನೆಗೆ ಬಂದರು, ಆದರೆ ಮೊದಲಿನ ಮಾವನವರಾಗಿ ಬರಲಿಲ್ಲ. ಕೈ ಬಹಳ ನಡುಗುತ್ತಿತ್ತು. ಒರೆಸುವಾಗ ಕಲ್ಲು ಜಾರುತ್ತಿತ್ತು. ಒಂದು ದಿನ ವಸ್ತ್ರವನ್ನು ಹೊಸ್ತಿಲಿನಾಚೆ ನನ್ನ ಕಡೆ ನೀಡಿ, "ಐದನೇದ್ದು ನೀನ ಒರಸು" ಎಂದರು. ಅತ್ತೆ ಬಾಯಿ ತೆರೆದರು. ಮಾವನವರು ಮುಖ ತಿರುಗಿಸಲಿಲ್ಲ. ಅತ್ತೆ ಬಾಯಿ ಮುಚ್ಚಿದರು.

ಎರಡು ಸಾವಿರದ ಇಸವಿ ದಾಟಿದ ಮೇಲೆ, ಒಂದು ಬೇಸಿಗೆಯಲ್ಲಿ, ಅವರು ಹೋದರು. ಅಷ್ಟು ವರ್ಷ ದಿನವೂ "ನಾಕು" ಎಂದು ನಿಲ್ಲಿಸಿ ನನ್ನ ದನಿಗೆ ಕಾಯ್ದರು. ಹಳೆಯ ಸ್ಫಟಿಕದ ಮಾತನ್ನು ಮತ್ತೆ ಎತ್ತಲಿಲ್ಲ, ಕ್ಷಮಿಸಿದೆ ಎಂದೂ ಹೇಳಲಿಲ್ಲ. ಅದು ಎಲ್ಲಿ ಹೋಯಿತೋ ನನಗೆ ಇಂದಿಗೂ ಗೊತ್ತಿಲ್ಲ. ಕಣಗಿಲೆ ಗಿಡ ಒಣಗಿ ಬುಡ ಕಿತ್ತಾಗ ಮಣ್ಣನ್ನೆಲ್ಲ ಸಾಣಿಗೆ ಹಿಡಿದೆ. ಸಿಗಲಿಲ್ಲ.

ದಿನಾ ಒರೆಸಿದರೆ ಈ ಹೊಸ ಹರಳೂ ಒಂದು ದಿನ ನುಣುಪಾಗುತ್ತದೆ ಎಂದು ಮೊದಮೊದಲು ನಂಬಿದ್ದೆ. ಗಾಜನ್ನು ಕೊರೆಯುವ ಕಲ್ಲು ಅರಿವೆಗೆ ಸವೆಯುವುದಿಲ್ಲ. ಇಷ್ಟು ವರ್ಷಗಳ ಮೇಲೂ ಅದರ ಮೈಮೇಲಿನ ಒಂದು ಗುರುತೂ ಅಳಿಸಿಲ್ಲ. ಮಾವನವರು ಹೋದ ಮೇಲೆ ಪೂಜೆಯೂ ನನ್ನದೇ. ಬೆಳಗ್ಗೆ ನೀರು ಹಾಕಿದಾಗ ಅದು ಕಾಣದಾಗುತ್ತದೆ. ತೆಗೆದು ಒರೆಸುತ್ತೇನೆ, ಅಂಗೈಯಲ್ಲಿ ಮಂಕಾಗುವವರೆಗೆ ನೋಡುತ್ತೇನೆ, ಆಮೇಲೆ ಪೆಟ್ಟಿಗೆಯಲ್ಲಿಟ್ಟು ನಾಲ್ಕನ್ನೂ ಐದನ್ನೂ ನಾನೇ ಹೇಳಿಕೊಳ್ಳುತ್ತೇನೆ.